ಜುನ್ನರ ಸುತ್ತಮುತ್ತ ನಕ್ಷತ್ರ ನೋಡಲು ತಕ್ಕ ಜಾಗ ಯಾವುದು?

ಜುನ್ನರದ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಪುಣೆಯಲ್ಲಿದ್ದ ನಾನು ಬ್ಯಾಂಕಿನ ವರ್ಗಾವಣೆಯಿಂದಾಗಿ ಈ ಜೂನ್ ತಿಂಗಳಲ್ಲಿ ಕುಟುಂಬಸಮೇತ ಪುಣೆ ಜಿಲ್ಲೆಯ ಜುನ್ನರಿಗೆ ಬಂದು ನೆಲೆಸಿದ್ದೇನೆ. ಮೂಲತಃ ವಿಜಯಪುರ ಜಿಲ್ಲೆಯ ಹಳ್ಳಿಯವನು. ಚಿಕ್ಕಂದಿನಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಮಲಗಿ, ಅಜ್ಜ ತೋರಿಸುತ್ತಿದ್ದ ಸಪ್ತರ್ಷಿ ಮಂಡಲವನ್ನೂ ಅದರ ಬಾಲದ ನಡುವಿನ ವಸಿಷ್ಠ-ಅರುಂಧತಿಯರನ್ನೂ ನೋಡುತ್ತ ನಿದ್ದೆಹೋಗುತ್ತಿದ್ದವನು. ಪುಣೆಯಲ್ಲಿ ಆ ಅಭ್ಯಾಸ ಪೂರ್ತಿ ತಪ್ಪಿಹೋಯಿತು. ಈಗ ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಅವಳ ಸೋದರಮಾವ 10×50 ಅಳತೆಯ ಬೈನಾಕ್ಯುಲರ್ ಒಂದನ್ನು ಕೊಡಿಸಿದ್ದಾರೆ; ಅಂದಿನಿಂದ ಅವಳ ಒಂದೇ ಪ್ರಶ್ನೆ, ಆಕಾಶಗಂಗೆಯನ್ನು ಯಾವಾಗ ತೋರಿಸುತ್ತೀರಿ ಎಂಬುದು.

ಸಣ್ಣ ಊರಿಗೆ ಬಂದರೆ ಕತ್ತಲೆ ತಾನಾಗಿಯೇ ಸಿಗುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮ ಮನೆ ಬಸ್ ನಿಲ್ದಾಣದ ಹತ್ತಿರವಿದೆ, ಎದುರಿನ ಚೌಕದಲ್ಲಿ ಎತ್ತರದ ಹೈಮಾಸ್ಟ್ ದೀಪವಿದೆ. ಮೊನ್ನೆ ಮಳೆ ಬಿಡುವು ಕೊಟ್ಟ ರಾತ್ರಿ ತಾರಸಿಗೆ ಹೋಗಿ ನೋಡಿದರೆ ಅಭಿಜಿತ್, ಶ್ರವಣ, ಹಂಸ ಈ ಮೂರೂ ನಕ್ಷತ್ರಗಳು ನೆತ್ತಿಯ ಬಳಿ ಚೆನ್ನಾಗಿ ಕಂಡವು. ಅವುಗಳ ನಡುವೆ ಹರಿಯಬೇಕಾಗಿದ್ದ ಆಕಾಶಗಂಗೆ ಮಾತ್ರ ಕಾಣಲಿಲ್ಲ.

ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ, ಹೆಂಡತಿ ಮತ್ತು ಮಗಳೊಂದಿಗೆ ಹೋಗಿ ನಡುರಾತ್ರಿಯ ವೇಳೆಗೆ ಮರಳಬಹುದಾದ ಜಾಗ ಬೇಕು. ಶಿವನೇರಿ ಕೋಟೆ ಮನೆಯಿಂದಲೇ ಕಾಣುತ್ತದೆ, ಅಲ್ಲಿಗೆ ಹೋಗಬಹುದೆ? ಎಲ್ಲರೂ ನಾಣೇಘಾಟ್ ಹೆಸರು ಹೇಳುತ್ತಾರೆ. ಖೋಡದದಲ್ಲಿ ದೊಡ್ಡ ರೇಡಿಯೊ ದೂರದರ್ಶಕವೂ ಗಿರವಲಿಯಲ್ಲಿ ಆಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯ ವೀಕ್ಷಣಾಲಯವೂ ಇರುವುದರಿಂದ ಆ ಎರಡು ಜಾಗಗಳೇ ಎಲ್ಲಕ್ಕಿಂತ ಕತ್ತಲೆಯವಾಗಿರಬೇಕು ಎಂಬುದು ನನ್ನ ಊಹೆ. ತಿಳಿದವರು ತಿದ್ದಬೇಕೆಂದು ಕೋರುತ್ತೇನೆ. ಟೆಲಿಸ್ಕೋಪು ಈಗಲೇ ಕೊಳ್ಳಬೇಕೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಕೊಥ್ರೂಡಿನ ವೀಕ್ಷಕ

ಮೊದಲು ನಿಮ್ಮ ಊಹೆಯ ಅರ್ಧವನ್ನು ತಿದ್ದುತ್ತೇನೆ. ಖೋಡದದ ಆ ರೇಡಿಯೊ ದೂರದರ್ಶಕದಲ್ಲಿ (ಜಿಎಂಆರ್‌ಟಿ) 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. ಅವುಗಳಲ್ಲಿ 14 ನಡುವಿನ ಆವರಣದಲ್ಲಿಯೂ ಉಳಿದ 16 ಮೂರು ತೋಳುಗಳಾಗಿ ಸುಮಾರು 25 ಕಿಲೋಮೀಟರ್ ಹರವಿನಲ್ಲಿಯೂ ಹಂಚಿಕೊಂಡಿವೆ. ಆದರೆ ಅವು ನೋಡುವುದು ಬೆಳಕನ್ನಲ್ಲ, ರೇಡಿಯೊ ಅಲೆಗಳನ್ನು. ಆ ಜಾಗದ ಆಯ್ಕೆಯಲ್ಲಿ ಮುಖ್ಯವಾದದ್ದು ರೇಡಿಯೊ ಗದ್ದಲದ ಕೊರತೆಯೇ ಹೊರತು ರಾತ್ರಿಯ ಕತ್ತಲೆಯಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿಯೂ ಅವು ಕೆಲಸ ಮಾಡುತ್ತವೆ. ಫೆಬ್ರವರಿ 28ರ ವಿಜ್ಞಾನ ದಿನದ ಸಂದರ್ಭದಲ್ಲಿ ಸಾರ್ವಜನಿಕರಿಗೆ ಪ್ರವೇಶ ಕೊಡುತ್ತಾರೆ, ಮಗಳನ್ನು ಆಗ ಅವಶ್ಯವಾಗಿ ಕರೆದುಕೊಂಡು ಹೋಗಿ. ನಕ್ಷತ್ರ ನೋಡಲು ಅಲ್ಲಿಗೆ ಹೋಗುವ ಕಾರಣವಿಲ್ಲ. ಗಿರವಲಿಯ ವಿಷಯ ಬೇರೆ. ಅಲ್ಲಿರುವುದು 2 ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕ, 2006ರಲ್ಲಿ ಉದ್ಘಾಟನೆಯಾದದ್ದು, ಕತ್ತಲೆಯನ್ನು ಹುಡುಕಿಕೊಂಡೇ ಆ ಬೆಟ್ಟಕ್ಕೆ ಹೋದದ್ದು. ಆದರೆ ಅದು ಸಂಶೋಧನೆಯ ತಾಣ. ರಾತ್ರಿ ಹೇಳದೆ ಕೇಳದೆ ಕಾರಿನ ದೀಪ ಬೆಳಗಿಸಿಕೊಂಡು ಆ ಬೆಟ್ಟ ಹತ್ತುವುದು ಅವರ ಕೆಲಸಕ್ಕೆ ಕಲ್ಲು ಹಾಕಿದಂತೆ. ಶಿವನೇರಿಯಂತೂ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ; ಸಂಜೆಯ ಮೇಲೆ ಪ್ರವೇಶವಿಲ್ಲ.

ಇನ್ನು ಜಾಗದ ಮಾತು. "ಯಾವ ಜಾಗ ಅತಿ ಕತ್ತಲೆ" ಎಂದು ಕೇಳುವ ಮೊದಲು "ನಾನು ಆಕಾಶದ ಯಾವ ಭಾಗ ನೋಡಬೇಕು, ಆ ದಿಕ್ಕಿನಲ್ಲಿ ಯಾವ ಊರಿದೆ" ಎಂದು ಕೇಳಿಕೊಳ್ಳಬೇಕು. ದೊಡ್ಡ ಊರಿನ ಬೆಳಕು ಆ ಊರಿನ ಮೇಲಷ್ಟೇ ನಿಲ್ಲುವುದಿಲ್ಲ. ಗಾಳಿಯಲ್ಲಿನ ಧೂಳು ಮತ್ತು ತೇವದ ಕಣಗಳಿಂದ ಚದರಿ, ದೂರದಿಂದ ನೋಡುವವರಿಗೆ ದಿಗಂತದ ಮೇಲೆ ಕವುಚಿಟ್ಟ ಮಬ್ಬು ಗುಮ್ಮಟದಂತೆ ಕಾಣುತ್ತದೆ. ಜುನ್ನರಿನಿಂದ ಪುಣೆ ಬಹುಮಟ್ಟಿಗೆ ನೇರ ದಕ್ಷಿಣಕ್ಕಿದೆ. ನಡುವೆ ಚಾಕಣದ ಕೈಗಾರಿಕಾ ಪ್ರದೇಶ, ಅದಕ್ಕೆ ಅಂಟಿಕೊಂಡ ಪಿಂಪರಿ-ಚಿಂಚವಡ. ಎಂದರೆ ನಿಮ್ಮ ದಕ್ಷಿಣ ದಿಗಂತದ ಮೇಲೆ ಸದಾ ಒಂದು ಗುಮ್ಮಟ ಕುಳಿತಿರುತ್ತದೆ. ಜುನ್ನರು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಉತ್ತರದಲ್ಲಿ ಧ್ರುವ ನಕ್ಷತ್ರ 19 ಡಿಗ್ರಿ ಎತ್ತರದಲ್ಲಿರುತ್ತದೆ; ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಅತಿ ಹೆಚ್ಚೆಂದರೆ 18 ಡಿಗ್ರಿ ಏರುತ್ತದೆ, ಶಿಲುಬೆಯಾಕಾರದ ತಾರಾಪುಂಜವಾದ ತ್ರಿಶಂಕುವಿನ ಕೆಳಗಿನ ತಾರೆ 8 ಡಿಗ್ರಿಯಷ್ಟೇ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಿಮ್ಮ ತ್ರಿಶಂಕುವಿನ ಆ ತಾರೆ ಮುಷ್ಟಿಯೊಳಗೇ, ಪುಣೆಯ ಗುಮ್ಮಟದೊಳಗೇ ಮುಳುಗಿರುತ್ತದೆ. ಜುನ್ನರು ತಾಲೂಕಿನ ಯಾವ ಮೂಲೆಗೆ ಹೋದರೂ ಇದು ತಪ್ಪುವುದಿಲ್ಲ. ಬೆಟ್ಟದ ಮರೆಗೆ ನಿಂತರೆ ಹತ್ತಿರದ ಬೀದಿದೀಪದ ಕುಕ್ಕು ತಪ್ಪುತ್ತದೆಯೇ ಹೊರತು ಆಕಾಶಕ್ಕೆ ಹಬ್ಬಿದ ಮಬ್ಬು ತಪ್ಪುವುದಿಲ್ಲ.

ಹಾಗೆಂದು ನಿರಾಶೆಪಡಬೇಡಿ. ಚಳಿಗಾಲದ ಸಂಜೆಯ ಆಕಾಶದ ಉತ್ತಮ ವಸ್ತುಗಳೆಲ್ಲ ನೆತ್ತಿಯ ಆಸುಪಾಸಿನಲ್ಲಿ ಇಲ್ಲವೇ ಉತ್ತರಕ್ಕೆ ಹಾದುಹೋಗುತ್ತವೆ. ಕೃತ್ತಿಕೆ, ರೋಹಿಣಿ, ಮಹಾವ್ಯಾಧನ (ಓರಿಯನ್) ಪಟ್ಟಿಯ ಕೆಳಗಿನ ನೀಹಾರಿಕೆ, 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿ ಇವೆಲ್ಲ ಜುನ್ನರಿನವರಿಗೆ ಅನುಕೂಲದ ದಿಕ್ಕಿನಲ್ಲಿಯೇ ಇವೆ. ಊರಿನಿಂದ ಪಶ್ಚಿಮಕ್ಕೆ, ಮಾಣಿಕಡೋಹ ಜಲಾಶಯದ ಕಡೆಯಿಂದ ಚಾವಂಡ್ ಕೋಟೆಯತ್ತ ಹೋಗುವ ಕಣಿವೆಯನ್ನು ನೋಡಿ. ಉತ್ತರಕ್ಕೆ ನಾಸಿಕದವರೆಗೆ ದೊಡ್ಡ ನಗರವಿಲ್ಲ, ನಡುವೆ ಹರಿಶ್ಚಂದ್ರಗಡದ ಸಾಲು. ಆದರೆ ಪಶ್ಚಿಮಕ್ಕೆ ಹೋದಷ್ಟೂ ಒಳ್ಳೆಯದು ಎಂದೂ ಇಲ್ಲ. ಘಟ್ಟದ ಅಂಚು ತಲುಪಿದರೆ ಕೆಳಗೆ ಕಲ್ಯಾಣ, ಠಾಣೆ, ಮುಂಬಯಿಯ ಬೆಳಕು ಎದುರಾಗುತ್ತದೆ. ಅಂಚಿಗಿಂತ ಹತ್ತು ಹನ್ನೆರಡು ಕಿಲೋಮೀಟರ್ ಈಚೆಗೆ ನಿಲ್ಲುವುದು ಜಾಣತನ.

ಜಾಲದಲ್ಲಿ ಸಿಗುವ ಬಣ್ಣಬಣ್ಣದ ಬೆಳಕಿನ ಮಾಲಿನ್ಯದ ನಕ್ಷೆಗಳನ್ನು ಸಹ ನೋಡಿ, ಆದರೆ ಪೂರ್ತಿ ನೆಚ್ಚಬೇಡಿ. ಅವುಗಳಲ್ಲಿ ಬಹುಪಾಲು ಉಪಗ್ರಹದ ವೀರ್ಸ್ ಎಂಬ ಉಪಕರಣದ ಮಾಹಿತಿಯನ್ನು ಆಧರಿಸಿವೆ. ಆ ಉಪಕರಣ ಸುಮಾರು 500ರಿಂದ 900 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಅಳೆಯುತ್ತದೆ. ಬಿಳಿ ಎಲ್‌ಇಡಿಯ ನೀಲಿ ಅಂಶ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಳದಿ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿದ ಊರು ನಕ್ಷೆಯಲ್ಲಿ ಮೊದಲಿಗಿಂತ ಕತ್ತಲೆಯಾದಂತೆ ತೋರಬಹುದು, ನಿಂತು ನೋಡುವವನಿಗೆ ಆಕಾಶ ಇನ್ನಷ್ಟು ಬೆಳ್ಳಗಾಗಿರುತ್ತದೆ. ಮೇಲಾಗಿ ಆ ಉಪಗ್ರಹ ಹಾದುಹೋಗುವುದು ರಾತ್ರಿ ಒಂದೂವರೆಯ ಸುಮಾರಿಗೆ. ಎಂಟು ಗಂಟೆಗೆ ಉರಿದು ಹನ್ನೊಂದಕ್ಕೆ ಆರುವ ಮದುವೆ ಮಂಟಪದ ದೀಪಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಜಾಗದ ನಿಜವಾದ ಪರೀಕ್ಷೆ ಬರಿಗಣ್ಣಿನದೇ. ಕಾರಿನ ದೀಪ, ಮೊಬೈಲು ಎರಡನ್ನೂ ಆರಿಸಿ ಅರ್ಧ ಗಂಟೆ ಕಾಯಿರಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು, ಒಂದು ಸಲ ಬಿಳಿ ಬೆಳಕು ತಾಗಿದರೆ ಲೆಕ್ಕ ಮತ್ತೆ ಮೊದಲಿನಿಂದ. ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿಕೊಳ್ಳಿ. ಆಮೇಲೆ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೆ ಮಸುಕು ಚುಕ್ಕೆಯಾಗಿ ಕಂಡರೆ ಜಾಗ ಚೆನ್ನಾಗಿದೆ ಎಂದು ತಿಳಿಯಿರಿ. 2001ರಲ್ಲಿ ಜಾನ್ ಬಾರ್ಟಲ್ ರೂಪಿಸಿದ ಒಂದರಿಂದ ಒಂಬತ್ತರವರೆಗಿನ ಮಾಪನವೂ ಇಂಥ ಗುರುತುಗಳ ಮೇಲೆಯೇ ನಿಂತಿದೆ.

ಟೆಲಿಸ್ಕೋಪು ಈಗ ಬೇಡ. 10×50 ಬೈನಾಕ್ಯುಲರನ್ನು ಗಟ್ಟಿಯಾದ ಟ್ರೈಪಾಡಿಗೆ ಕೂರಿಸಿ ಒಂದು ವರ್ಷ ನೋಡಿ.

ಹೆದ್ದಾರಿ ಹೋಟೆಲಿನವ

ನಾನು ಕುಂದಾಪುರದ ಕಡೆಯವನು, ಇಪ್ಪತ್ತೆರಡು ವರ್ಷಗಳಿಂದ ನಾರಾಯಣಗಾಂವ ಸಮೀಪ ಪುಣೆ-ನಾಸಿಕ ಹೆದ್ದಾರಿಯಲ್ಲಿ ಹೋಟೆಲು ನಡೆಸುತ್ತಿದ್ದೇನೆ. ನಕ್ಷತ್ರಗಳ ವಿದ್ಯೆ ನನಗೆ ತಿಳಿಯದು. ಆದರೆ ಕೊಥ್ರೂಡಿನ ಮಹನೀಯರು ಇಷ್ಟೆಲ್ಲ ಹೇಳಿ ಚಿರತೆಯ ಮಾತೇ ಎತ್ತದಿರುವುದು ಆಶ್ಚರ್ಯವೆನಿಸಿತು.

ಜುನ್ನರು ತಾಲೂಕಿನ ಚಿರತೆ ಕಾಡಿನ ಪ್ರಾಣಿಯಾಗಿ ಉಳಿದಿಲ್ಲ. ಕಬ್ಬಿನ ಗದ್ದೆಯಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ನಾಯಿ, ಕರು, ಕುರಿಗಳನ್ನು ಹಿಡಿದು ಬದುಕುವ ಪ್ರಾಣಿ. ಮಾಣಿಕಡೋಹದಲ್ಲಿ ಅರಣ್ಯ ಇಲಾಖೆಯ ಚಿರತೆ ರಕ್ಷಣಾ ಕೇಂದ್ರ ಇರುವುದು ಸುಮ್ಮನೆ ಅಲ್ಲ. ಕಬ್ಬು ಕಟಾವು ಶುರುವಾದರೆ ಅವುಗಳ ಮರೆ ಹೋಗುತ್ತದೆ; ಮರಿಗಳನ್ನು ಎತ್ತಿಕೊಂಡು ಗದ್ದೆಯಿಂದ ಗದ್ದೆಗೆ ಓಡಾಡುತ್ತವೆ. ನೀವು ನಕ್ಷತ್ರ ನೋಡಲು ಪ್ರಶಸ್ತವೆನ್ನುವ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲವೇ ನಮ್ಮಲ್ಲಿ ಕಟಾವಿನ ಕಾಲ. ನಿಂತಿರುವ ವಯಸ್ಕ ಮನುಷ್ಯನ ಮೇಲೆ ಚಿರತೆ ಸಾಮಾನ್ಯವಾಗಿ ಬೀಳುವುದಿಲ್ಲ. ಬಗ್ಗಿದವರು, ಕುಳಿತವರು, ಮಕ್ಕಳು ಅದಕ್ಕೆ ಸಣ್ಣ ಪ್ರಾಣಿಯಂತೆ ತೋರುತ್ತಾರೆ. ಗದ್ದೆಯ ಬದುವಿನಲ್ಲಿ ಚಾಪೆ ಹಾಸಿ, ದೀಪ ಆರಿಸಿ, ಸದ್ದಿಲ್ಲದೆ ಮಲಗಿ ಆಕಾಶ ನೋಡುವುದಕ್ಕಿಂತ ಕೆಟ್ಟ ಉಪಾಯ ನನಗೆ ತೋಚುವುದಿಲ್ಲ. ಕೃಷಿ ಪಂಪಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವ ರೈತರೇ ಒಬ್ಬೊಬ್ಬರಾಗಿ ಹೋಗುವುದಿಲ್ಲ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೋಗುತ್ತಾರೆ.

ಆದ್ದರಿಂದ ನೀರಾವರಿಯ ಕಬ್ಬಿನ ಬಯಲನ್ನು, ಎಂದರೆ ನಾರಾಯಣಗಾಂವ, ಓತೂರು ಮತ್ತು ನದಿಗಳ ದಂಡೆಗಳನ್ನು ಬಿಡಿ. ನಿಮಗೆ ಎರಡು ದಾರಿಗಳಿವೆ. ಒಂದು, ಅವರು ಹೇಳಿದ ಪಶ್ಚಿಮದ ಕಣಿವೆ. ಅಲ್ಲಿ ಮಳೆ ಹೆಚ್ಚು, ಬೆಳೆ ಭತ್ತ, ಬೆಟ್ಟದಲ್ಲಿ ಅಳಲೆ ಮರ. ನವೆಂಬರಿನಲ್ಲಿ ಭತ್ತ ಕೊಯ್ದ ಮೇಲೆ ನಾಲ್ಕು ಕಡೆಯೂ ಬಟ್ಟಬಯಲು, ಏನು ಬಂದರೂ ಕಾಣುತ್ತದೆ. ಚಿರತೆ ಅಲ್ಲಿ ಇಲ್ಲವೇ ಇಲ್ಲ ಎಂದಲ್ಲ, ಆದರೆ ಅವಿತುಕೊಳ್ಳುವ ಕಬ್ಬಿಲ್ಲ. ಇನ್ನೊಂದು, ಪೂರ್ವಕ್ಕೆ ಕಲ್ಯಾಣ-ಅಹಿಲ್ಯಾನಗರ ಹೆದ್ದಾರಿಯಲ್ಲಿ ಆಣೆ ಘಾಟ್ ಹತ್ತಿದ ಮೇಲೆ ಸಿಗುವ ಪಠಾರ, ಎಂದರೆ ಎತ್ತರದ ಬಯಲು. ಮಳೆ ಕಡಿಮೆ, ನೀರಿಗೆ ತತ್ವಾರ, ಹಾಗಾಗಿ ಕಬ್ಬೂ ಕಡಿಮೆ, ಮೋಡವೂ ಕಡಿಮೆ. ಆದರೆ ಹೆದ್ದಾರಿಯ ಲಾರಿಗಳ ದೀಪ ತಪ್ಪಬೇಕಾದರೆ ಎರಡು ಮೂರು ಕಿಲೋಮೀಟರ್ ಒಳಗೆ ಹೋಗಬೇಕಾಗುತ್ತದೆ.

ಎಲ್ಲಿಗೇ ಹೋದರೂ ಹಗಲು ಒಮ್ಮೆ ಹೋಗಿ ಆ ಹಳ್ಳಿಯ ಪೊಲೀಸ್ ಪಾಟೀಲರನ್ನು (ಪೊಲೀಸರಿಗೆ ನೆರವಾಗುವ ಊರಿನ ಅಧಿಕಾರಿ) ಕಂಡು, ಇಂಥ ದಿನ, ಇಷ್ಟು ಜನ, ಈ ಕೆಲಸಕ್ಕೆ ಬರುತ್ತೇವೆ ಎಂದು ಹೇಳಿ ಬನ್ನಿ. ಪಂಪಿನ ಕೇಬಲ್ಲು, ಮೋಟಾರು ಕಳವಾಗಿ ರೋಸಿಹೋದ ಊರಿನವರು ಕತ್ತಲೆಯಲ್ಲಿ ದೀಪ ಆರಿಸಿ ನಿಂತ ಅಪರಿಚಿತ ಕಾರನ್ನು ಕಂಡರೆ ಏನು ತಿಳಿಯಬೇಕು, ನೀವೇ ಯೋಚಿಸಿ. ಜಿಲ್ಲಾ ಪರಿಷತ್ತಿನ ಶಾಲೆಯ ಅಂಗಳ ಕೇಳಿದರೆ ಬಹುಶಃ ಸಂತೋಷದಿಂದ ಕೊಡುತ್ತಾರೆ; ಆವರಣ ಗೋಡೆ ಇರುತ್ತದೆ, ಮೇಲೆ ಹೋಗಲು ತಾರಸಿಯೂ ಇರಬಹುದು. ಮಗಳನ್ನು ನಡುವೆ ಕೂರಿಸಿಕೊಳ್ಳಿ, ನೆಲದ ಮೇಲೆ ಮಲಗಬೇಡಿ, ಕುರ್ಚಿ ಒಯ್ಯಿರಿ.

ಡೊಂಬಿವಲಿಯವ

ಕಲ್ಯಾಣ-ಮುಂಬಯಿಯ ಬೆಳಕಿನ ಪ್ರಸ್ತಾಪ ಬಂದದ್ದರಿಂದ ಆ ಬೆಳಕಿನೊಳಗೇ ಇರುವ ನಾನು ನಾಲ್ಕು ಮಾತು ಸೇರಿಸುತ್ತೇನೆ. ಮೂವತ್ತು ವರ್ಷಗಳ ಹಿಂದೆ ನಮಗೆಲ್ಲ ನಕ್ಷತ್ರ ನೋಡುವುದೆಂದರೆ ವಾಂಗಣಿ. ಕರ್ಜತ್ ಲೋಕಲ್ ಹತ್ತಿ ಬದಲಾಪುರ ದಾಟಿ ಇಳಿದರೆ, ಖಗೋಳ ಮಂಡಲ ಎಂಬ ಹವ್ಯಾಸಿ ಸಂಘದವರು ಇಡೀ ರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದರು. ಮರಾಠಿಯಲ್ಲಿ ವಿವರಿಸುತ್ತಿದ್ದುದನ್ನು ನಾನು ಪಕ್ಕದಲ್ಲಿದ್ದ ತಮ್ಮನಿಗೆ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದೆ. ಮಹಾವ್ಯಾಧನ ನೀಹಾರಿಕೆಯನ್ನು ಮೊದಲು ನೋಡಿದ್ದು ಅಲ್ಲಿಯೇ. ಈಗ ಬದಲಾಪುರವೇ ಬೆಳೆದು ವಾಂಗಣಿಯ ಬಾಗಿಲಿಗೆ ಬಂದಿದೆ. ಇದನ್ನು ಹೇಳುವ ಉದ್ದೇಶ ಇಷ್ಟೇ: ಐದು ವರ್ಷ ಹಳೆಯ ಬರಹವನ್ನು ಓದಿ ಜಾಗ ಆರಿಸಬೇಡಿ.

ನಾಣೇಘಾಟಿಗೆ ನಾವು ನಾಲ್ವರು ಒಂದು ಡಿಸೆಂಬರ್ ಶನಿವಾರ ಹೋಗಿದ್ದೆವು. ಕತ್ತಲೆಯೇನೋ ಇತ್ತು. ಆದರೆ ಅದೇ ಬಯಲಿನಲ್ಲಿ ಮೂರು ಕಡೆ ಡೇರೆಗಳು, ಡೇರೆಗಳ ಸುತ್ತ ಮಿನುಗುವ ದೀಪಗಳ ಹಾರ, ಬೆಂಕಿ, ಧ್ವನಿವರ್ಧಕ. ಪ್ರತಿ ಹತ್ತು ನಿಮಿಷಕ್ಕೊಂದು ಕಾರು ಬಂದು ಎದುರು ನಿಂತು, ದೊಡ್ಡ ದೀಪವನ್ನು ನಮ್ಮ ಮುಖಕ್ಕೆ ಹಿಡಿದು, ಜಾಗ ಸರಿಹೋಗದೆ ಹಿಂದಕ್ಕೆ ತಿರುಗುತ್ತಿತ್ತು. ಎರಡು ಗಂಟೆಯ ಮೇಲೆ ಎಲ್ಲ ತಣ್ಣಗಾಯಿತು ಎನ್ನುವಷ್ಟರಲ್ಲಿ ಕಣಿವೆಯಿಂದ ಮಂಜು ಏರಿ ಬಂತು. ನಾನು ದೂಷಿಸುವುದು ಯಾರನ್ನೂ ಅಲ್ಲ, ಪ್ರವಾಸಕ್ಕೆ ಬಂದವರು ಬೆಂಕಿ ಹಾಕುವುದು ಸಹಜವೇ. ಅದೇ ಜಾಗಕ್ಕೆ ಮತ್ತೆ ಮಂಗಳವಾರ ಹೋದಾಗ ನಮ್ಮ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ನೀವು ಜುನ್ನರಿನಲ್ಲಿಯೇ ಇರುವವರು, ವಾರದ ನಡುವೆ ಹೋಗಬಲ್ಲಿರಿ. ನಮಗಿಲ್ಲದ ಆ ಸೌಲಭ್ಯವನ್ನು ಬಿಟ್ಟುಕೊಡಬೇಡಿ.

ಕಾಲದ ವಿಷಯದಲ್ಲಿ ಒಂದು ಮಾತು. ಮುಂಗಾರು ಹಿಂದೆ ಸರಿದ ಹೊಸತರಲ್ಲಿ, ಅಕ್ಟೋಬರಿನ ನಡುವಿನಿಂದ ಕೆಲವು ವಾರ, ಗಾಳಿ ತೊಳೆದಿಟ್ಟಂತೆ ಇರುತ್ತದೆ. ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಆಕಾಶ ಅದೇ. ಡಿಸೆಂಬರ್-ಜನವರಿಯಲ್ಲಿ ಮೋಡವಿಲ್ಲದಿದ್ದರೂ ಕಣಿವೆಯ ತಳದಲ್ಲಿ ತಂಪು ಗಾಳಿ ಕುಳಿತು, ಒಲೆಯ ಹೊಗೆಯೂ ಗದ್ದೆಯ ರವದಿ ಸುಟ್ಟ ಹೊಗೆಯೂ ಮೇಲೇರದೆ ಹರಡಿಕೊಳ್ಳುತ್ತವೆ. ಅಂಥ ರಾತ್ರಿ ನೂರು ಮೀಟರ್ ಎತ್ತರಕ್ಕೆ ಹತ್ತಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಜುನ್ನರದ ಹೊಸಬ

ಎಲ್ಲರಿಗೂ ಧನ್ಯವಾದಗಳು. ಗೋಲಗುಮ್ಮಟದ ಜಿಲ್ಲೆಯವನಾದ ನನಗೆ ಪುಣೆಯೂ ಒಂದು ಗುಮ್ಮಟ ಕಟ್ಟಿಸಿದೆ ಎಂಬುದು ಈಗ ತಿಳಿಯಿತು. ಚಿರತೆಯ ಮಾತು ಓದಿದ ಮೇಲೆ ಮನೆಯಾಕೆ ಈ ಯೋಜನೆಯನ್ನೇ ಕೈಬಿಡಿರೆಂದರು. ಶಾಲೆಯ ಅಂಗಳ, ಕುರ್ಚಿ, ಪೊಲೀಸ್ ಪಾಟೀಲ ಎಂಬ ಮೂರು ಪದಗಳನ್ನು ಮತ್ತೆ ಮತ್ತೆ ಓದಿ ಹೇಳಿದ ಮೇಲೆ ಒಪ್ಪಿದ್ದಾರೆ.

ಎರಡು ಸಂದೇಹಗಳಿವೆ. ಅಮಾವಾಸ್ಯೆಯೇ ಬೇಕೆಂದರೆ ದೀಪಾವಳಿಯ ಅಮಾವಾಸ್ಯೆ ಹತ್ತಿರದಲ್ಲಿದೆ, ಆ ದಿನವೇ ಹೋಗಬಹುದೆ? ಮತ್ತೆ ಮಗಳಿಗೆ ತ್ರಿಶಂಕುವನ್ನು ತೋರಿಸುವ ಆಸೆ ನನಗೆ ಹೋಗಿಲ್ಲ. ಪುರಾಣದ ಕತೆ ಹೇಳಿ ನಕ್ಷತ್ರ ತೋರಿಸದಿದ್ದರೆ ಹೇಗೆ?

ಕೊಥ್ರೂಡಿನ ವೀಕ್ಷಕ

ಚಿರತೆಯ ಮಾತು ಮರೆತದ್ದು ನನ್ನ ತಪ್ಪೇ. ನಗರದಿಂದ ಹೋಗಿ ಒಂದು ರಾತ್ರಿ ಇದ್ದು ಬರುವವನ ಕಣ್ಣಿಗೆ ಅದು ಬೀಳುವುದಿಲ್ಲ, ಹೋಟೆಲಿನವರಿಗೆ ಕೃತಜ್ಞತೆಗಳು.

ದೀಪಾವಳಿಯ ಅಮಾವಾಸ್ಯೆ ಬೇಡ, ಪಟಾಕಿಯ ಹೊಗೆ ಎರಡು ಮೂರು ದಿನ ಇಳಿಯುವುದಿಲ್ಲ. ಅಮಾವಾಸ್ಯೆಯ ದಿನವೇ ಆಗಬೇಕೆಂಬ ನಿಯಮವೂ ಇಲ್ಲ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರು ತೆರೆದರೆ ಸಾಕು: ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಹುಟ್ಟುವುದು ಸುಮಾರು ನಡುರಾತ್ರಿಗೆ, ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ. ಶುಕ್ಲಪಕ್ಷದ ತದಿಗೆಯವರೆಗೆ ಸಂಜೆಯ ಚಂದ್ರ ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ಎಂದರೆ ನಡುರಾತ್ರಿಯೊಳಗೆ ಮರಳುವವರಿಗೆ ತಿಂಗಳಲ್ಲಿ ಹತ್ತು ಹನ್ನೊಂದು ರಾತ್ರಿಗಳು ಸಿಗುತ್ತವೆ. ಸೂರ್ಯಾಸ್ತದ ನಂತರ ಆಕಾಶ ಪೂರ್ತಿ ಕಪ್ಪಾಗಲು ನಮ್ಮ ಅಕ್ಷಾಂಶದಲ್ಲಿ ಸುಮಾರು ಒಂದೂಕಾಲು ಗಂಟೆ ಬೇಕು, ಬೆಳಕಿರುವಾಗಲೇ ತಲುಪಿ ಕುರ್ಚಿ ಹಾಕಿಕೊಳ್ಳುವುದು ಒಳ್ಳೆಯದು.

ತ್ರಿಶಂಕುವಿಗೆ ಏಪ್ರಿಲ್-ಮೇ ತಿಂಗಳಲ್ಲಿ, ರಾತ್ರಿ ಹತ್ತರ ಆಸುಪಾಸಿಗೆ, ಪುಣೆಯನ್ನು ಬೆನ್ನಿಗೆ ಹಾಕಿಕೊಳ್ಳುವ ಜಾಗಕ್ಕೆ ಹೋಗಬೇಕು. ಭೋರ್ ದಾಟಿ ರಾಯರೇಶ್ವರದ ಕಡೆ ಹೋದರೆ ನಗರದ ಗುಮ್ಮಟ ಉತ್ತರಕ್ಕೆ ಉಳಿಯುತ್ತದೆ, ದಕ್ಷಿಣ ತೆರವಾಗುತ್ತದೆ. ಅಷ್ಟರೊಳಗೆ ಪುಣೆಗೆ ಬಂದಾಗ ಟಿಳಕ್ ರಸ್ತೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆಯವರನ್ನು ಕಂಡು ಮಾತಾಡಿ. 1944ರಿಂದ ಇರುವ ಹವ್ಯಾಸಿಗಳ ಸಂಸ್ಥೆ ಅದು.

ಮಡಗಾಂವಿನಿಂದ

ತ್ರಿಶಂಕುವಿಗಾಗಿ ಭೋರ್‌ವರೆಗೆ ಬರುವವರು ಬೇಸಿಗೆಯ ರಜೆಯಲ್ಲಿ ಇನ್ನೂ ಕೆಳಗೆ ಬಂದುಬಿಡಿ. ದಕ್ಷಿಣ ಗೋವಾದ ಕಾಣಕೋಣ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ. ಜುನ್ನರಿನಲ್ಲಿ 8 ಡಿಗ್ರಿ ಇರುವ ತಾರೆ ಇಲ್ಲಿ 12 ಡಿಗ್ರಿ ಏರುತ್ತದೆ. ಆದರೆ ಕರಾವಳಿಯ ತೇವ ಆ ಲಾಭದಲ್ಲಿ ಅರ್ಧವನ್ನು ತಿಂದುಹಾಕುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೇ ತಿಂಗಳ ಸಮುದ್ರದಂಚಿನಲ್ಲಿ ದಿಗಂತದಿಂದ ಐದಾರು ಡಿಗ್ರಿವರೆಗೆ ಏನೂ ಕಾಣದ ರಾತ್ರಿಗಳೇ ಹೆಚ್ಚು. ಇನ್ನೊಂದು ಕಿವಿಮಾತು: ಇಬ್ಬನಿಯಲ್ಲಿ ನೆನೆದ ಬೈನಾಕ್ಯುಲರನ್ನು ಹಾಗೆಯೇ ಚೀಲಕ್ಕೆ ಸೇರಿಸಬೇಡಿ. ನನ್ನ ಹಳೆಯ ಜೋಡಿಯ ಮಸೂರದೊಳಗೆ ಬೂಷ್ಟು ಬೆಳೆದು ಜೇಡರ ಬಲೆಯಂತೆ ಹಬ್ಬಿತು. ಮನೆಗೆ ಬಂದ ಮೇಲೆ ತೆರೆದಿಟ್ಟು ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಜುನ್ನರದ ಹೊಸಬ

ತಡವಾಗಿ ವರದಿ ಒಪ್ಪಿಸುತ್ತಿದ್ದೇನೆ. ದೀಪಾವಳಿ ಕಳೆದು, ಕಾರ್ತಿಕ ಬಹುಳ ಅಮಾವಾಸ್ಯೆಗೆ ಮೂರು ದಿನ ಮೊದಲು, ಒಂದು ಬುಧವಾರ ಸಂಜೆ ಹೋಗಿ ಬಂದೆವು. ಅದಕ್ಕೂ ಮುಂಚೆ ಎರಡು ಭಾನುವಾರ ಹಗಲಿನಲ್ಲಿ ಎರಡೂ ಕಡೆ ಸುತ್ತಾಡಿದೆ. ಆಣೆಯ ಪಠಾರ ವಿಶಾಲವಾಗಿದೆ, ಆದರೆ ನಮ್ಮ ಮನೆಯಿಂದ ದೂರ. ಚಾವಂಡ್ ಕಡೆಯ ಕಣಿವೆಯಲ್ಲಿ ಭತ್ತ ಕೊಯ್ದು ಮುಗಿದಿತ್ತು. ಅಲ್ಲಿಯ ಒಂದು ಹಳ್ಳಿಯ ಪೊಲೀಸ್ ಪಾಟೀಲರು ನನ್ನ ಮಾತು ಪೂರ್ತಿ ಕೇಳಿ, ನಕ್ಷತ್ರ ನೋಡಲು ಜುನ್ನರಿನಿಂದ ಇಲ್ಲಿಯವರೆಗೆ ಬರಬೇಕೆ ಎಂದು ನಕ್ಕು, ಶಾಲೆಯ ಗುರುಗಳಿಗೆ ಫೋನು ಮಾಡಿದರು. ಗುರುಗಳು ಅಂಗಳದ ದೀಪ ಆರಿಸಿಸಿದ್ದಲ್ಲದೆ, ಎದುರಿನ ಕಂಬದ ಬೀದಿದೀಪಕ್ಕೆ ಗೋಣಿಚೀಲ ಕಟ್ಟಿಸಿದ್ದರು! ಅವರ ಶಾಲೆಯ ಹನ್ನೆರಡು ಮಕ್ಕಳೂ ಬಂದು ಕುಳಿತಿದ್ದರಿಂದ ಚಿರತೆ ಬಂದರೂ ಆ ಗದ್ದಲಕ್ಕೆ ಹೆದರಿ ಓಡುತ್ತಿತ್ತು.

ಏಳೂವರೆಗೆ ಪೂರ್ತಿ ಕತ್ತಲಾಯಿತು. ಎಂಟರ ಹೊತ್ತಿಗೆ ಆಂಡ್ರೊಮಿಡಾವನ್ನು ಬರಿಗಣ್ಣಿಗೆ ಹುಡುಕಿದೆ. ನೇರವಾಗಿ ನೋಡಿದರೆ ಮಾಯವಾಗುತ್ತದೆ, ಪಕ್ಕಕ್ಕೆ ದೃಷ್ಟಿ ಸರಿಸಿದರೆ ಮೂಡುತ್ತದೆ. ನನಗಿಂತ ಮೊದಲು ಕಂಡದ್ದು ಮಗಳಿಗೆ. ಆಕಾಶಗಂಗೆ ಪಶ್ಚಿಮದ ಹಂಸದಿಂದ ನೆತ್ತಿಯ ಉತ್ತರಕ್ಕೆ ಬಾಗಿ ಪೂರ್ವಕ್ಕೆ ಇಳಿದಿತ್ತು. ಬೇಸಿಗೆಯಲ್ಲಿ ಅಜ್ಜನ ಮಾಳಿಗೆಯಿಂದ ಕಂಡಷ್ಟು ದಟ್ಟವಲ್ಲ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಇತ್ತು. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ನಾನು ಏಳು ಎಣಿಸಿದೆ, ಶಾಲೆಯ ಒಬ್ಬ ಹುಡುಗ ಒಂಬತ್ತು ಎಂದು ವಾದಿಸಿ, ಒಂದೊಂದರ ಜಾಗವನ್ನೂ ಮಣ್ಣಿನಲ್ಲಿ ಬರೆದು ತೋರಿಸಿದ; ಬೈನಾಕ್ಯುಲರಿನಲ್ಲಿ ತಾಳೆ ನೋಡಿದರೆ ಅವನು ಹೇಳಿದ್ದು ಸರಿಯಾಗಿತ್ತು. ದಕ್ಷಿಣದ ಗುಮ್ಮಟ ಹೇಳಿದಂತೆಯೇ ಇತ್ತು, ಬೆಟ್ಟದ ಸಾಲಿನ ಹಿಂದೆ ಬೂದು ಬಣ್ಣದ್ದು, ನನ್ನ ಮುಷ್ಟಿಗಿಂತ ಸ್ವಲ್ಪ ಎತ್ತರ. ಹನ್ನೊಂದಕ್ಕೆ ಹೊರಡುವಾಗ ಅಗಸ್ತ್ಯ ಅದರೊಳಗೇ ಕೆಂಪಗೆ ಮಿಣುಕುತ್ತಿತ್ತು.

ಒಂದು ತಪ್ಪು ಮಾಡಿದೆ, ಮುಂದೆ ಹೋಗುವವರಿಗೆ ಹೇಳಿಬಿಡುತ್ತೇನೆ. ಕಾರಿನ ಬಾಗಿಲು ತೆರೆದಾಗಲೆಲ್ಲ ಒಳಗಿನ ದೀಪ ಹತ್ತಿ, ಎಲ್ಲರೂ ಒಕ್ಕೊರಲಿನಿಂದ ಕೂಗುತ್ತಿದ್ದರು. ಆ ದೀಪವನ್ನು ಮನೆಯಲ್ಲಿಯೇ ಆರಿಸಿ ಹೊರಡಬೇಕು. ಕಂಬಳಿಯೂ ಸಾಲಲಿಲ್ಲ.

ಮುಂದಿನ ಅಮಾವಾಸ್ಯೆಯ ವಾರಕ್ಕೆ ಗುರುಗಳು ಮತ್ತೆ ಕರೆದಿದ್ದಾರೆ. ಹೋಟೆಲಿನವರು ಬಿಡುವು ಮಾಡಿಕೊಂಡು ಬರುವುದಾದರೆ ಒಂದು ಕುರ್ಚಿ ಹೆಚ್ಚು ಒಯ್ಯುತ್ತೇನೆ.

ಹೆದ್ದಾರಿ ಹೋಟೆಲಿನವ

ಬುಧವಾರವಾದರೆ ಬರುತ್ತೇನೆ. ಹದಿನೈದು ಜನಕ್ಕೆ ಉಪ್ಪಿಟ್ಟು ಮತ್ತು ಫ್ಲಾಸ್ಕಿನಲ್ಲಿ ಕಾಫಿ ನನ್ನ ಲೆಕ್ಕ.